ಖಾಲಿ ಜಾಗದ ಬೆಳಕು

ಕಪಿಲಾ ನದಿಯ ದಂಡೆಯಲ್ಲಿ ಹೈಮವತಿಯವರ ಪ್ರಯೋಗಶಾಲೆ ಇತ್ತು. ಊರಿನವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿ ಮಾತು ಕಡಿಮೆ, ಕೆಲಸ ಹೆಚ್ಚು, ಊಟವಂತೂ ಸಪ್ಪೆಯೋ ಸಪ್ಪೆ.

ಶಿಷ್ಯ ಮಾದೇಶ ಅಲ್ಲಿ ಕಲಿತದ್ದು ಒಂದೇ ವಿದ್ಯೆ. ಕಣ್ಣಿಗೆ ಕಾಣದಷ್ಟು ಸಣ್ಣ ಕ್ವಾಂಟಮ್ ಚುಕ್ಕೆಗಳನ್ನು ಬದುಕಿರುವ ಜೀವಕೋಶದೊಳಗೆ ಸೇರಿಸುವುದು. ನೀಲಿ ದೀಪ ಹಾಯಿಸಿದರೆ ಚುಕ್ಕೆಗಳು ಕೆಂಪಗೆ ಹೊಳೆಯುತ್ತವೆ, ಕೋಶ ಪರದೆಯ ಮೇಲೆ ಕಾಣುತ್ತದೆ.

ಒಂದು ಕೋಶ ಎರಡಾದರೆ ಅದರೊಳಗಿನ ಚುಕ್ಕೆಗಳೂ ಎರಡು ಪಾಲಾಗುತ್ತವೆ. ಹಾಗಾಗಿ ಬೆಳೆಯುವ ಕೋಶಗಳು ದಿನದಿನಕ್ಕೆ ಮಂಕಾಗುತ್ತವೆ. ಬೆಳವಣಿಗೆ ನಿಂತವು ಹೊಳೆಯುತ್ತಲೇ ಇರುತ್ತವೆ.

ಈ ಸಲ ಗಾಜಿನ ತಟ್ಟೆಯಲ್ಲಿದ್ದದ್ದು ಹೈಮವತಿಯವರದೇ ಕೋಶಗಳು, ಅವರ ಹೊಟ್ಟೆಯ ಗಡ್ಡೆಯಿಂದ ತೆಗೆದವು. ಡಾಕ್ಟರು ಹೊಸದೊಂದು ಔಷಧಿ ಹೇಳಿದ್ದರು. ಮೊದಲು ತಟ್ಟೆಗೆ ಹಾಕಿ ನೋಡೋಣ ಎಂದವರು ಹೈಮವತಿಯವರೇ. ಹೊಳಪು ಉಳಿದರೆ ಔಷಧಿ ಗಡ್ಡೆಯನ್ನು ತಡೆಯುತ್ತಿದೆ ಎಂದು ಅರ್ಥ.

ನೋಡುವ ಕೆಲಸ ಮಾದೇಶನ ಪಾಲಿಗೆ ಬಂತು. ಅವನಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟವರು ಅವರು. ಪ್ರತಿ ಬೆಳಿಗ್ಗೆ ದೇವರಿಗೆ ಕೈಮುಗಿದು, ಹೊಳೆಯುತ್ತಿರಲಿ ಎಂದು ಬೇಡಿಕೊಂಡೇ ಅವನು ದೀಪ ಹಾಕುತ್ತಿದ್ದ.

ದೇವರು ಕೇಳಿಸಿಕೊಳ್ಳಲಿಲ್ಲ. ಕೋಶಗಳು ಮಂಕಾಗುತ್ತಲೇ ಹೋದವು.

ಆ ದಿನ ಹೈಮವತಿ ಗೋಡೆ ಹಿಡಿದುಕೊಂಡು ನಿಧಾನವಾಗಿ ಬರುತ್ತಿರುವುದು ಕಂಡಿತು. ಮಾದೇಶನ ಕೈ ತಾನಾಗಿ ದೀಪದ ಗುಂಡಿಯ ಕಡೆ ಹೋಗಿ, ಬೆಳಕನ್ನು ಹೆಚ್ಚಿಸಿತು. ಇಡೀ ಪರದೆ ಕೆಂಪೇರಿತು.

“ಹೇಗಿದೆಯೋ?” ಎಂದರು ಹೈಮವತಿ.

“ಹೊಳೀತಾ ಇವೆ ಮೇಡಂ. ಔಷಧಿ ಕೆಲಸ ಮಾಡ್ತಿದೆ.”

ಅವರು ಕುಳಿತು ಬಹಳ ಹೊತ್ತು ಪರದೆಯನ್ನು ನೋಡಿದರು.

“ಕೋಶಗಳ ನಡುವೆ ಏನಿದೆ ಮಾದೇಶ?”

“ಏನೂ ಇಲ್ಲ ಮೇಡಂ. ಖಾಲಿ ಜಾಗ.”

“ಖಾಲಿ ಜಾಗ ಕಪ್ಪಗಿರಬೇಕಲ್ಲವೇನೋ. ಅದೂ ಬೆಳಗ್ತಾ ಇದೆ. ಅದಕ್ಕೆ ಯಾವ ಔಷಧಿ ಹಾಕಿದೆ?”

ಮಾದೇಶ ತಲೆ ತಗ್ಗಿಸಿದ.

ಹೈಮವತಿ ತಾವೇ ಕೈಚಾಚಿ ಗುಂಡಿಯನ್ನು ಮೊದಲಿದ್ದಲ್ಲಿಗೆ ತಿರುಗಿಸಿದರು. ಖಾಲಿ ಜಾಗ ಕಪ್ಪಾಯಿತು. ಕೋಶಗಳು ಮಂಕಾಗಿ ಕಂಡವು. ಆದರೆ ತಟ್ಟೆಯ ತುಂಬಾ ಇದ್ದವು.

“ಎಷ್ಟು ಚೆನ್ನಾಗಿ ಬೆಳೆದಿವೆ ನೋಡು,” ಎಂದರು, ಪಕ್ಕದ ಮನೆಯ ಮಕ್ಕಳನ್ನು ಕಂಡು ಹೇಳುವ ಹಾಗೆ.

“ಹಾಗನ್ನಬೇಡಿ ಮೇಡಂ.”

“ಬೆಳೆಯೋದು ಬಿಟ್ಟು ಅವಕ್ಕೆ ಇನ್ನೇನು ಗೊತ್ತು, ಪಾಪ.”

ಮಾದೇಶ ಅವರ ಕಡೆ ತಿರುಗಿದ. “ನಿಮಗೆ ಒಂದಿಷ್ಟು ಧೈರ್ಯ ಬರಲಿ ಅಂತ ಮಾಡಿಬಿಟ್ಟೆ.”

“ಆ ಧೈರ್ಯದಲ್ಲಿ ನಾನು ಔಷಧಿ ಶುರು ಮಾಡ್ತಿದ್ದೆ. ಇರೋ ನಾಲ್ಕು ದಿನಾನೂ ವಾಂತಿ ಮಾಡ್ಕೊಂಡು ಆಸ್ಪತ್ರೇಲಿ ಮಲಗಿರ್ತಿದ್ದೆ. ಈಗ ನದಿ ಹತ್ರ ಕೂತ್ಕೋಬಹುದು. ನಿನ್ನ ಅರ್ಧಂಬರ್ಧ ಪ್ರಬಂಧ ತಿದ್ದಿಕೊಡಬಹುದು.”

ಮಾದೇಶ ಅವರ ಕಾಲ ಬಳಿ ಕುಸಿದ. ಇಷ್ಟು ದಿನ ತಡೆದುಕೊಂಡಿದ್ದ ದುಃಖಕ್ಕೆ ಇನ್ನು ತಡೆ ಇರಲಿಲ್ಲ.

“ಡಾಕ್ಟರಿಗೆ ಏನಂತ ಬರೀಲಿ ಮೇಡಂ? ನನ್ನ ಕೈಯಲ್ಲಿ ಆಗಲ್ಲ.”

ಹೈಮವತಿ ಅವನ ತಲೆಯ ಮೇಲೆ ಕೈಯಿಟ್ಟರು. ಇನ್ನೊಂದು ಕೈಯಿಂದ ಮೇಜಿನ ಮೇಲಿದ್ದ ಪೆನ್ನು ತೆಗೆದು ಅವನಿಗೆ ಕೊಟ್ಟರು.

“ಕಂಡದ್ದನ್ನ ಕಂಡ ಹಾಗೆ ಬರಿ. ಆಮೇಲೆ ಇಬ್ಬರೂ ಕೂತು ಅಳೋಣ.”