ಹಸಿರು ಬಟ್ಟೆಯ ಮೇಲೆ ಬಿಳಿ ಅಂಗೈ

ಅಪ್ಪನ ಕ್ಲಬ್ಬಿನಲ್ಲಿ ಪೂಲ್ ಟೇಬಲ್ ನೋಡಿಕೊಳ್ಳುತ್ತಿದ್ದ ಚೌರಪ್ಪ, ಆಡುವವರ ಕೈಗೆ ಪೌಡರ್ ಹಾಕುವ ಮೊದಲು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಚೆಂಡು ಹೊಡೆಯೋ ಕೋಲು ಬೆರಳ ಮೇಲೆ ಜಾರೋಕೆ ಚಿಟಿಕೆ ಸಾಕು, ಜಾಸ್ತಿಯಾದರೆ ಬಟ್ಟೆಗೆ ಮೆತ್ತುತ್ತೆ ಅನ್ನುತ್ತಿದ್ದ. ಆ ಪೌಡರಿನ ವಾಸನೆ ನನಗೆ ಈಗಲೂ ಭಾನುವಾರದ ವಾಸನೆ.

ಅಂಥದೊಂದು ಭಾನುವಾರ ಹೊಸ ಸೆಕ್ರೆಟರಿ ಚೌರಪ್ಪನ ಮೇಲೆ ಗುಡುಗಿದರು. ಟೇಬಲ್ಲಿಗೆ ಹೊಸದಾಗಿ ಹಾಕಿಸಿದ್ದ ಹಸಿರು ಬಟ್ಟೆಯ ಮೇಲೆ ಇಡೀ ಅಂಗೈ ಬೆಳ್ಳಗೆ ಮೂಡಿತ್ತು.

“ಯಾರಯ್ಯಾ ಇದು ಮಾಡಿದ್ದು? ಹೇಳು, ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!”

ಚೌರಪ್ಪ ಬಗ್ಗಿ ನೋಡಿದ. “ಎಲ್ರೂ ಬಲಗೈಲಿ ಕೋಲು ಹಿಡಿದು ಎಡಗೈ ಊರ್ತಾರೆ ಸಾರ್. ಇದು ಬಲಗೈ ಗುರುತು. ಯಾರೋ ಎಡಚರೇ ಇರ್ಬೇಕು.”

ಅಪ್ಪ ಸುಮ್ಮನೆ ಕೆಮ್ಮಿದರು. ಕ್ಲಬ್ಬಿನಲ್ಲಿ ಎಡಗೈಯಲ್ಲಿ ಆಡುತ್ತಿದ್ದವರು ಸೆಕ್ರೆಟರಿ ಒಬ್ಬರೇ. ಅವರ ಬಲಗೈ ಮೆಲ್ಲಗೆ ಕಪ್ಪು ಪ್ಯಾಂಟಿನ ಜೇಬು ಸೇರಿತು. ಜೇಬಿನ ಅಂಚು ಬೆಳ್ಳಗಾಯಿತು.

ಚೌರಪ್ಪ ಡಬ್ಬಿಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿ, ಬಲು ವಿನಯದಿಂದ ಕೇಳಿದ:

“ಅಳತೆಗೆ ಇರ್ಲಿ ಅಂತ, ನಿಮ್ಮ ಬಲಗೈ ಒಂದ್ಸಲ ಇದರ ಮೇಲೆ ಇಡ್ತೀರಾ ಸಾರ್?”