ಇಲ್ಲದ ತುತ್ತು

ಕರಿಕಲ್ಲುದುರ್ಗದ ಬೀದಿಬೀದಿಯಲ್ಲಿ ಡಂಗುರ ಸಾರಿದರು. ದೊರೆ ಬಸವಂತ ನಾಯಕರು ಬೇಟೆಗೆ ಪಳಗಿಸಿದ ಡೇಗೆ ಹಕ್ಕಿಗಳಲ್ಲಿ ಎರಡನ್ನು ಕಾಡಿನ ಹದ್ದು ಕೊಂದಿದೆ, ಉಳಿದಿರುವುದು ಒಂದೇ. ಅವನ್ನು ನೋಡಿಕೊಳ್ಳುತ್ತಿದ್ದ ಓಬಳಯ್ಯ ಸೆರೆಯಲ್ಲಿದ್ದಾನೆ. ದೊರೆ ಮೂರು ಒಗಟು ಕೇಳುತ್ತಾರೆ. ಬಿಡಿಸಿದವನು ಬೇಡಿದ್ದನ್ನು ಕೊಡುತ್ತಾರೆ, ಓಬಳಯ್ಯನೂ ಉಳಿಯುತ್ತಾನೆ. ತಪ್ಪು ಹೇಳಿದವನ ತಲೆ ಮಾತ್ರ ಅಮಾವಾಸ್ಯೆಯಂದು ಓಬಳಯ್ಯನ ತಲೆಯ ಜೊತೆಗೇ ಉರುಳುತ್ತದೆ. ಇಷ್ಟು ಸಾರಿದವನು ಬಾಯಾರಿ, ಅಗಸರ ಕೇರಿಯಲ್ಲಿ ನೀರು ಕೇಳಿ ಕುಡಿದು ಮುಂದೆ ಹೋದ.

ನೀರು ಕೊಟ್ಟವನು ಮಾಚ. ತಬ್ಬಲಿಯಾದ ಅವನಿಗೆ ಅನ್ನ ಹಾಕಿ ಬೆಳೆಸಿದವನೇ ಈ ಓಬಳಯ್ಯ. ಮಾಚ ಅವನನ್ನು ಮಾವ ಎಂದೇ ಕರೆಯುತ್ತಿದ್ದ. ಡೇಗೆಯ ಕೊಕ್ಕು ಕಂಡರೆ ಎದೆ ಪುಕಪುಕ ಎನ್ನುತ್ತಿದ್ದುದರಿಂದ ಮಾವನ ಕೆಲಸ ಕಲಿಯಲಿಲ್ಲ. ಹಳ್ಳದ ಬಂಡೆಯ ಮೇಲೆ ಅರಮನೆಯ ಬಟ್ಟೆ ಒಗೆದು, ಒಣಹಾಕಿ, ಮಡಚಿ ಕೊಟ್ಟು ಬದುಕುತ್ತಿದ್ದ. ಈಗ ಮಾವನ ತಲೆ ಹೋಗುತ್ತದೆ ಎಂದು ಕೇಳಿದ ಮೇಲೆ ಬಟ್ಟೆಗೆ ಕೈ ಹಾಕಲು ಮನಸ್ಸಾಗಲಿಲ್ಲ. ಕೈ ಒರೆಸಿಕೊಂಡು ಕೋಟೆಯ ದಾರಿ ಹಿಡಿದ.

ಅಷ್ಟರಲ್ಲಿ ದಳವಾಯಿಯ ಮಗ ಮೀಸೆ ತಿರುವುತ್ತ ಬಂದು ನಿಂತಿದ್ದ. ದೊರೆ ಕೇಳಿದರು: "ಒಂದು ಏಣಿಯಿದೆ. ಅದಕ್ಕೆ ಮೆಟ್ಟಿಲಿಲ್ಲ. ಮುಂಜಾನೆ ಇರುವುದಿಲ್ಲ, ನಡುಹಗಲಿಗೆ ತಾನಾಗಿ ಎದ್ದು ನಿಲ್ಲುತ್ತದೆ. ಕಳ್ಳ ರೆಕ್ಕೆ ಬಡಿಯದೆ ಅದನ್ನು ಹತ್ತಿ ನನ್ನ ಡೇಗೆಯ ಮೇಲೆ ಇಳಿಯುತ್ತಾನೆ. ಯಾವುದು ಆ ಏಣಿ?" ದಳವಾಯಿಯ ಮಗ ತಡಮಾಡದೆ ಹೊಗೆ ಎಂದ. ಅವನನ್ನು ಸೆರೆಮನೆಗೆ ಕರೆದೊಯ್ದರು.

ನೆರೆನಾಡಿನ ಹೆಸರಾಂತ ಬೇಟೆಗಾರ ಚೆನ್ನವೀರ ಆ ಏಣಿಯನ್ನು ಬಿಡಿಸಿದ, ಎರಡನೆಯದನ್ನೂ ಬಿಡಿಸಿದ. ಮೂರನೆಯದಕ್ಕೆ ಏನೇನೋ ಹೇಳಿ ಕೊನೆಗೆ ಹಸಿವು ಎಂದ. ಅವನೂ ದಳವಾಯಿಯ ಮಗನ ಪಕ್ಕದ ಕೋಣೆ ಸೇರಿದ. ನಿಜ ಹೇಳಬೇಕೆಂದರೆ ಮೂರನೆಯದಕ್ಕೆ ಉತ್ತರ ದೊರೆಗೇ ಗೊತ್ತಿರಲಿಲ್ಲ. ಕಣ್ಣಿಗೆ ತೋರಿಸಿಕೊಟ್ಟರೆ ಒಪ್ಪುತ್ತೇನೆ ಎಂದಿದ್ದರು. ತನಗೇ ಗೊತ್ತಿಲ್ಲದ್ದಕ್ಕೆ ಇನ್ನೊಬ್ಬರ ತಲೆ ತೆಗೆಯುವುದು ದೊರೆತನದ ಸೌಕರ್ಯಗಳಲ್ಲಿ ಒಂದು.

ಮಾಚನ ಸರದಿ ಬಂತು. ಮೊದಲನೆಯದು ಅವನಿಗೆ ಕಷ್ಟವಾಗಲಿಲ್ಲ. ಬಿಸಿಲಿಗೆ ಬಂಡೆ ಕಾದಾಗ ಬಿಸಿಗಾಳಿ ಮೇಲೇಳುತ್ತದೆ, ಒಣಗಿದ ಪಂಚೆಯನ್ನೂ ಎತ್ತಿಬಿಡುತ್ತದೆ, ಹದ್ದು ಅದರ ಮೇಲೆಯೇ ಸುತ್ತುತ್ತ ಏರುತ್ತದೆ, ಆದ್ದರಿಂದ ಡೇಗೆಯನ್ನು ಬಂಡೆ ಕಾಯುವ ಮೊದಲೇ ಹಾರಿಸಬೇಕು ಎಂದ. ದೊರೆ ತಲೆಯಾಡಿಸಿದರು.

"ನನ್ನ ಕೋಟೆಗೆ ಸಂಬಳ ಕೇಳದ ಕಾವಲುಗಾರರಿದ್ದಾರೆ," ಎಂದರು ಆಮೇಲೆ. "ಎಲ್ಲರಿಗೂ ಕಪ್ಪು ಅಂಗಿ. ಕಳ್ಳ ನಮ್ಮ ಕಣ್ಣಿಗೆ ಬೀಳುವ ಮೊದಲೇ ಕಂಡು ಊರೆಲ್ಲ ಎಬ್ಬಿಸುತ್ತಾರೆ. ಜನ ಅವರಿಗೇ ಕಲ್ಲು ಹೊಡೆಯುತ್ತಾರೆ." ಕಾಗೆಗಳು ಎಂದ ಮಾಚ. ಅವು ಒಟ್ಟಾಗಿ ಅರಚಿದರೆ ಮೇಲೆ ಹದ್ದು ಬಂದಿದೆ ಎಂದು ತಿಳಿದು ಡೇಗೆಯನ್ನು ಕೈಗೆ ಕರೆದುಕೊಳ್ಳಬೇಕು ಎಂದ.

ದೊರೆ ಮುಂಗೈ ಮೇಲೆ ಕೂತಿದ್ದ ಉಳಿದೊಂದು ಡೇಗೆಯ ಬೆನ್ನು ಸವರಿದರು. "ನನ್ನ ಡೇಗೆ ಬರಿದಾಗಿ ಹಾರುತ್ತಿತ್ತು. ಕೊಕ್ಕಿನಲ್ಲಿ ಬೇಟೆಯಿಲ್ಲ, ಉಗುರಿನಲ್ಲಿ ಮಾಂಸವಿಲ್ಲ. ಆದರೂ ಹದ್ದು ತುತ್ತು ಕಸಿಯುವುದಕ್ಕೆಂದು ಅದರ ಕಾಲಿಗೇ ಎರಗಿತು. ಇಲ್ಲದ ತುತ್ತನ್ನು ಹದ್ದಿಗೆ ತೋರಿಸಿದವರು ಯಾರು?"

ಮಾಚ ಡೇಗೆಯ ಕಾಲು ನೋಡಿದ. ಗೊತ್ತಾಯಿತು. ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ತಪ್ಪು ಹೇಳಿದರೆ ತಲೆ ಹೋಗುತ್ತದೆ, ಸರಿ ಹೇಳಿದರೂ ಉಳಿಯುವ ಭರವಸೆಯಿಲ್ಲ. ಬಾಯಲ್ಲಿ ಏನೂ ಹೇಳದೆ, ಕೋಟೆಯ ಬುರುಜಿಗೆ ಬರಬೇಕೆಂದು ದೊರೆಯನ್ನು ಬೇಡಿಕೊಂಡ.

ನಡುಹಗಲು. ಮೇಲೆ ಹದ್ದು ಸುತ್ತುತ್ತಿತ್ತು. ಮಾಚ ಒಂದು ಬಟ್ಟೆಯನ್ನು ಉಂಡೆ ಕಟ್ಟಿ, ಬಿದಿರ ಗಳದ ತುದಿಗೆ ಹಗ್ಗದಿಂದ ತೂಗುಬಿಟ್ಟು ಗಾಳಿಯಲ್ಲಿ ಬೀಸಿದ. ಹದ್ದು ಕತ್ತೂ ತಿರುಗಿಸಲಿಲ್ಲ. ಆಮೇಲೆ ಡೇಗೆಯ ಕಾಲಿನಲ್ಲಿ ಜೋಲುತ್ತಿದ್ದ ಕೆಂಪು ರೇಷ್ಮೆ ಕುಚ್ಚನ್ನು ಕೊಡಿಸಬೇಕೆಂದು ಕೇಳಿದ. ದೊರೆ ತಾವೇ ಬಿಚ್ಚಿಕೊಟ್ಟರು. ಅದನ್ನು ಉಂಡೆಯ ಕೆಳಗೆ ಕಟ್ಟಿ ಮತ್ತೆ ಬೀಸಿದ್ದೇ ತಡ, ಹದ್ದು ರೆಕ್ಕೆ ಮಡಚಿ ಕಲ್ಲಿನಂತೆ ಬಿತ್ತು. ಕುಚ್ಚನ್ನು ಉಂಡೆಸಮೇತ ಕಿತ್ತುಕೊಂಡು ಹೋಗಿ, ಮಾಂಸವಲ್ಲವೆಂದು ತಿಳಿದು ಕಂದಕಕ್ಕೆ ಎಸೆಯಿತು.

ದೊರೆ ಕಂದಕದಿಂದ ಕಣ್ಣು ತೆಗೆದು, "ಬಾಯಲ್ಲೂ ಹೇಳು. ತೋರಿಸಿದವರು ಯಾರು?" ಎಂದರು.

ಮಾಚ ಕೈ ಮುಗಿದ. "ತಾವೇ, ಬುದ್ಧಿ."

ಕುಚ್ಚು ಜೋತಾಡಿದರೆ ದೂರದ ಹದ್ದಿಗೆ ಡೇಗೆ ಹಸಿಮಾಂಸ ಹೊತ್ತು ಹೋಗುವಂತೆ ಕಾಣುತ್ತದೆ, ತಾನು ಒಣಹಾಕಿದ ಸೆರಗಿನ ಕುಚ್ಚಿಗೂ ಹದ್ದು ಹೀಗೆಯೇ ಎರಗಿದ್ದುಂಟು ಎಂದು ತಡವರಿಸುತ್ತ ವಿವರಿಸಿದ. ಮೂರು ಡೇಗೆಗಳಿಗೂ ಆ ಕುಚ್ಚನ್ನು ಕಟ್ಟಿದ್ದು ದೊರೆಯ ಕೈ ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಓಬಳಯ್ಯನನ್ನು ಕರೆಸಿದರು. ಇದು ನಿನಗೆ ತಿಳಿದಿತ್ತೇ ಎಂದು ದೊರೆ ಕೇಳಿದರು. ತಿಳಿದಿತ್ತು ಎಂದ. ಹಾಗಾದರೆ ಬಿಚ್ಚಲಿಲ್ಲವೇಕೆ ಎಂದರು.

"ಪ್ರೀತಿಯಿಂದ ಕಟ್ಟಿದ್ದಿರಿ ಬುದ್ಧಿ. ಬಿಚ್ಚಿದ್ದರೆ ನನ್ನ ತಲೆ ಅವತ್ತೇ ಹೋಗುತ್ತಿತ್ತು. ಬಿಚ್ಚದೆ ಇದ್ದುದಕ್ಕೆ ಇಷ್ಟು ದಿನ ಉಳಿಯಿತು."

ದೊರೆಗೆ ಸಿಟ್ಟು ಬಂತು. ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದೆಂದು ತಿಳಿಯದೆ ಮಾಚನತ್ತ ತಿರುಗಿ, ಬೇಕಾದ್ದನ್ನು ಕೇಳು ಎಂದರು. ಒಗಟಿಗೆ ತಪ್ಪು ಹೇಳಿ ಸೆರೆ ಸೇರಿದ ಇಬ್ಬರನ್ನೂ ಬಿಡಬೇಕೆಂದು ಮಾಚ ಕೇಳಿದ. ಅವರನ್ನು ಬಿಟ್ಟರು. ಮಾಚನಿಗೆ ಹಳ್ಳದ ದಂಡೆಯ ಗದ್ದೆಯನ್ನೂ ಹೊರೆ ಹೊರಲು ಜೋಡಿ ಕತ್ತೆಗಳನ್ನೂ ದೊರೆ ತಾವಾಗಿ ಕೊಟ್ಟರು.

ಎಲ್ಲರೂ ಇಳಿಯತೊಡಗಿದಾಗ ದೊರೆ ಓಬಳಯ್ಯನ ಕೈಗೆ ಡೇಗೆಯನ್ನು ದಾಟಿಸಿ, ಬಗ್ಗಿ ಮೆಲ್ಲಗೆ ಹೇಳಿದರು: "ಇನ್ನು ಮೇಲೆ ನಾನು ಏನಾದರೂ ತಪ್ಪಾಗಿ ಕಟ್ಟಿದರೆ ಬಿಚ್ಚಿಬಿಡು. ನಿನ್ನ ತಲೆಗೆ ಏನೂ ಆಗುವುದಿಲ್ಲ."

ಓಬಳಯ್ಯ ನಿಂತಲ್ಲಿಂದ ಕದಲಲಿಲ್ಲ.

"ಗಟ್ಟಿಯಾಗಿ ಹೇಳಿ ಬುದ್ಧಿ," ಎಂದ. "ಎಲ್ಲರಿಗೂ ಕೇಳಿಸಲಿ."

ಮೆಟ್ಟಿಲಿಳಿಯುತ್ತಿದ್ದವರು ನಿಂತರು. ದೊರೆ ಗಂಟಲು ಸರಿಮಾಡಿಕೊಂಡು ಅದೇ ಮಾತನ್ನು ಗಟ್ಟಿಯಾಗಿ ಹೇಳಿದರು.