ದರ್ಜಿ ಓಣಿಯ ರೇಡಿಯೊ

“ಗುರುಗಳೇ, ಒಂದು ಯಂತ್ರದ ವಿದ್ಯುತ್ ಗದ್ದಲ ಇನ್ನೊಂದಕ್ಕೆ ತಾಗಬಾರದು ಎಂಬ ನಿಯಮವಿದೆಯಲ್ಲ, ಅದು ಬಿಡಿಭಾಗಕ್ಕೂ ಬೇಕೇ?” ಎಂದು ಈರಭದ್ರ ಕೇಳಿದ. ಗುರುಗಳ ಬಳಿ ರೇಡಿಯೊ ರಿಪೇರಿ ಕಲಿತವನು ಅವನು. ಈಗ ಚಾರ್ಜರಿನೊಳಗೆ ಕೂರುವ ಸಣ್ಣ ಬೋರ್ಡು ತಯಾರಿಸಿ ಕಂಪನಿಗಳಿಗೆ ಮಾರುತ್ತಿದ್ದ. ಗದ್ದಲ ತಡೆಯುವ ಕಂಡೆನ್ಸರನ್ನು ಅದರಿಂದ ಕೈಬಿಡುವ ಯೋಚನೆಯಲ್ಲಿದ್ದ.

ನಿಯಮ ಸಾಮಾನ್ಯವಾಗಿ ಪೂರ್ತಿ ಯಂತ್ರಕ್ಕೇ ಅನ್ವಯಿಸುತ್ತದೆ ಎಂದರು ಗುರುಗಳು. ಈರಭದ್ರನ ಮುಖ ಅರಳಿತು. ಅದನ್ನು ನೋಡಿಯೇ ಅವರು ಕತೆ ತೆಗೆದರು.

ದರ್ಜಿಗಳ ಓಣಿಯಲ್ಲಿ ಒಬ್ಬ ವ್ಯಾಪಾರಿಯಿದ್ದ. ಹೊಲಿಗೆ ಯಂತ್ರಕ್ಕೆ ಕೂರಿಸುವ ಮೋಟರು ತಯಾರಿಸುತ್ತಿದ್ದ. ಓಣಿಯವರೆಲ್ಲ ಕಾಲಲ್ಲಿ ತುಳಿಯುವುದು ಬಿಟ್ಟು ಅವನ ಮೋಟರು ಹಾಕಿಸಿಕೊಂಡರು. ಒಬ್ಬ ಮುದುಕ ದರ್ಜಿ ಬಂದು, ಇದು ಓಡಿದರೆ ರೇಡಿಯೊ ಗೊರಗೊರ ಅನ್ನುತ್ತದೆ, ಒಳಗೊಂದು ಕಂಡೆನ್ಸರ್ ಹಾಕಬಾರದೇ ಎಂದು ಕೇಳಿದ.

“ಗದ್ದಲ ನಿಮ್ಮ ಯಂತ್ರದ್ದು. ನನ್ನದು ಬಿಡಿಭಾಗ, ಅದರ ಮಾತು ಬಿಡಿ,” ಎಂದು ವ್ಯಾಪಾರಿ ನಕ್ಕ. ಮುದುಕನೂ ನಕ್ಕು ಹೊರಟುಹೋದ.

ವ್ಯಾಪಾರಿಯ ಮಗಳು ಹಾಡುಗಾರ್ತಿ. ಅವಳಿಗೆ ಆಕಾಶವಾಣಿಯಲ್ಲಿ ಹಾಡುವ ಕರೆ ಬಂತು. ಅದುವರೆಗೆ ಅವನ ಮನೆಯಲ್ಲಿ ರೇಡಿಯೊ ಇರಲಿಲ್ಲ. ಅದಕ್ಕೆಂದೇ ಒಂದು ಕೊಂಡು ತಂದ. ಆ ಕಾಲದ ರೇಡಿಯೊ ಅಂದರೆ, ಗುಂಡಿ ತಿರುಗಿಸಿದ ಮೇಲೆ ದೀಪ ಹತ್ತಬೇಕು, ಒಳಗೆಲ್ಲ ಬಿಸಿಯಾಗಬೇಕು, ಆಮೇಲೆ ದನಿ. ಆ ಕಾಯುವುದರಲ್ಲೇ ಒಂದು ಸುಖವಿತ್ತು, ಈಗ ಅದೆಲ್ಲಿ? ಹಾಡು ಒಮ್ಮೆ ಹೋದರೆ ಹೋಯಿತು, ಮತ್ತೆ ಕೇಳುವ ದಾರಿಯೂ ಇರಲಿಲ್ಲ.

ಮಗಳು ಹಾಡುವ ದಿನ ಸಂಜೆ ವ್ಯಾಪಾರಿ ಹೊಸ ಪಂಚೆ ಉಟ್ಟು ಕುಳಿತ. ದೀಪಾವಳಿ ಹತ್ತಿರವಿತ್ತು; ಓಣಿಯ ಯಂತ್ರಗಳೆಲ್ಲ ಓಡುತ್ತಿದ್ದವು. ರೇಡಿಯೊದಲ್ಲಿ ಬರೀ ಗೊರಗೊರ. ಅವನು ಎದ್ದು ಓಡಿದ, ಅಂಗಡಿ ಅಂಗಡಿಗೂ ಹೋಗಿ ಕೈಮುಗಿದ. ದರ್ಜಿಗಳು ಒಳ್ಳೆಯವರು, ಕೇಳಿದ ಕೂಡಲೇ ನಿಲ್ಲಿಸಿದರು. ಕೊನೆಯ ಯಂತ್ರವೂ ನಿಂತ ಮೇಲೆ ಏದುಸಿರು ಬಿಡುತ್ತ ಮನೆಗೆ ಬಂದ. ಹಾಡು ಮುಗಿದಿತ್ತು. ಇದುವರೆಗೆ ಹಾಡಿದವರು ಇಂಥವರು ಎಂದು ಮಗಳ ಹೆಸರು ಹೇಳಿದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಮರುದಿನ ಮಗಳು ಬಂದು, ಹೇಗಿತ್ತಪ್ಪಾ ಎಂದು ಕೇಳಿದಳು.

“ನಿನ್ನ ಹೆಸರು ಚೆನ್ನಾಗಿ ಕೇಳಿಸಿತಮ್ಮ,” ಎಂದ ವ್ಯಾಪಾರಿ.

ಗುರುಗಳು ಕತೆ ನಿಲ್ಲಿಸಿದರು. ಆದರೂ ನಿಯಮದ ಪ್ರಕಾರ ಅವನದು ಬಿಡಿಭಾಗವೇ ಅಲ್ಲವೇ ಎಂದು ಈರಭದ್ರ ಮೆಲ್ಲಗೆ ರಾಗ ಎಳೆದ.

“ಬಿಡಿಭಾಗ ಅನ್ನುವುದು ಅಂಗಡಿಯ ಮಾತು, ಈರಭದ್ರ, ಓಣಿಗೆ ಬಂದ ಮೇಲೆ ಯಾವುದೂ ಬಿಡಿಯಲ್ಲ.”